ಬಿಸಿಲಿಗೆ ನಿಂತ ಯಂತ್ರ

ಏಸಿ ಸದ್ದು ಮಾಡಿದರೆ ನನಗೆ ಭಯ. ಸುಮ್ಮನಾದರೆ ಇನ್ನೂ ಭಯ. ಹಿಮಾಯತ್‌ನಗರದ ನಮ್ಮ ಮನೆಗೆ ಅದು ಬಂದು ಎರಡು ಬೇಸಿಗೆ ಕಳೆದರೂ, ರಿಮೋಟ್ ಒತ್ತುವಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೇ ಒತ್ತುತ್ತೇನೆ. ಪಟಾಕಿಗೆ ಬತ್ತಿ ಹಚ್ಚುವವರ ಹಾಗೆ. ನೋಡಿದವರು ನಗುತ್ತಾರೆ, ನಗಲಿ. ಗೋಡೆಯ ಮೇಲೆ ಅಷ್ಟೆತ್ತರದಲ್ಲಿ ಕರೆಂಟು, ನೀರು, ಗಾಳಿ, ಗ್ಯಾಸು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟು, ಅದರ ಕೆಳಗೇ ಮಂಚ ಹಾಕಿ ಮಲಗಿ ಎಂದರೆ ಹೆದರದವರು ಯಾರು? ಒಮ್ಮೆ ಕೇಳಿದೆ: ಇವರು, ಅಂದರೆ ನಮ್ಮ ಯಜಮಾನರು, ಹೆದರುವುದಿಲ್ಲವಂತೆ.

ಹೆದರುವವರಿಗೆ ಒಂದು ಲಾಭವುಂಟು, ಕಿವಿ ಮೂಗು ಚುರುಕಾಗುತ್ತವೆ. ಏಸಿಯ ಗಾಳಿಗೆ ಒಣಗದ ಯೂನಿಫಾರ್ಮಿನ ವಾಸನೆ ಬಂತೋ, ಫಿಲ್ಟರಿನಲ್ಲಿ ಧೂಳು ಕೂತಿದೆ ಎಂದು ನನಗೆ ಗೊತ್ತಾಗುತ್ತದೆ. ತೆಗೆದು ನಲ್ಲಿಯ ಕೆಳಗೆ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಗೋಡೆಗುಂಟ ನೀರು ಇಳಿದರೆ ಪೈಪಿನಲ್ಲಿ ಕಸ ಕಟ್ಟಿದೆ. ಒಮ್ಮೆಯಂತೂ ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಗ್ಯಾಸೇ ಮುಗಿಯಿತೆಂದು ಗಾಬರಿಯಾಗಿ ಇವರಿಗೆ ಫೋನು ಮಾಡಿದೆ. ಸಂಜೆ ಬಂದು ನೋಡಿದರೆ ರಿಮೋಟಿನಲ್ಲಿ ಹಿಮದ ಹೂವಿನ ಗುರುತಿಗೆ ಬದಲು ಫ್ಯಾನಿನ ಗುರುತು ಕೂತಿತ್ತು. ಆ ಹೂವನ್ನು ನಾನು ರಂಗೋಲಿ ಎಂದುಕೊಂಡಿದ್ದೆ.

ಆದರೆ ಈ ಮೇ ತಿಂಗಳ ಭಯ ನಗುವಂಥದ್ದಲ್ಲ. ಅತ್ತೆ ದಿಲ್‌ಸುಖ್‌ನಗರಕ್ಕೆ ಹೋದವರು ಬಸ್‌ಸ್ಟಾಪಿನಲ್ಲಿ ಬಿಸಿಲು ಹೊಡೆದು ಬಿದ್ದುಬಿಟ್ಟರು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಮೈ ಹಾಗೆ ಕಾದರೆ ಈ ವಯಸ್ಸಿಗೆ ತಡೆಯುವುದಿಲ್ಲಮ್ಮ, ತಂಪಾದ ಕೋಣೆಯಲ್ಲೇ ಇರಲಿ" ಎಂದರು. ಅಂದಿನಿಂದ ಅತ್ತೆಯ ಪ್ರಾಣ ಆ ಪೆಟ್ಟಿಗೆಯಲ್ಲಿದೆ ಎಂದೇ ನನ್ನ ಲೆಕ್ಕ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ಕಥೆಯ ರಾಕ್ಷಸನೇ ವಾಸಿ, ಅವನ ಗಿಳಿಗೆ ವೋಲ್ಟೇಜಿನ ತೊಂದರೆಯಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದ್ದರು. ಹೊದಿಕೆ ಸರಿಮಾಡಲು ಹೋದೆ. ಗಾಳಿ ಬೆಚ್ಚಗಿತ್ತು. ರಿಮೋಟ್ ನೋಡಿದೆ, ಹಿಮದ ಹೂವೇ ಇದೆ. ಫಿಲ್ಟರ್ ಮೊನ್ನೆ ತೊಳೆದದ್ದು. ಸ್ಟೆಬಿಲೈಜರಿನ ಹಸಿರು ದೀಪವೂ ಉರಿಯುತ್ತಿತ್ತು. ಬಾಲ್ಕನಿಯಲ್ಲಿಟ್ಟ ಏಸಿಯ ಹೊರಗಿನ ಪೆಟ್ಟಿಗೆ ಮಾತ್ರ ಗುರ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುರ್ ಎನ್ನುತ್ತದೆ. ಅತ್ತೆಯ ಹಣೆಯ ಮೇಲೆ ಬೆವರು ಮೂಡಿ, ಕುಂಕುಮದ ಅಂಚು ಕರಗತೊಡಗಿತ್ತು.

ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. "ರೇಪು ವಸ್ತಾನಮ್ಮಾ" ಎಂದ. ನಾಳೆಯಂತೆ! ಊರಿನ ಏಸಿ ರಿಪೇರಿಯವರೆಲ್ಲ ಈಗ ಮಾದಾಪುರದಲ್ಲಿ. ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆ, ಗಾಜಿನೊಳಗೆ ಕೂತವರು ಬೇಯಬಾರದಲ್ಲ. ಇವರಿಗೆ ಫೋನು ಹಚ್ಚಿದೆ. ಇವರೂ ಅಂಥದ್ದೇ ಒಂದು ಕಟ್ಟಡದಲ್ಲಿ, ಈ ಮೇ ತಿಂಗಳಲ್ಲಿ, ಸ್ವೆಟರ್ ತೊಟ್ಟು ಕೂತಿರುತ್ತಾರೆ. "ಒಂದ್ಸಲ ಆಫ್ ಮಾಡಿ ಆನ್ ಮಾಡು" ಎಂದರು. ಸಾಫ್ಟ್‌ವೇರಿನವರಿಗೆ ಜಗತ್ತಿನ ಎಲ್ಲ ಕಾಯಿಲೆಗೂ ಇದೊಂದೇ ಗುಳಿಗೆ. ಒದ್ದೆ ಬಟ್ಟೆಯಿಂದ ಅತ್ತೆಯ ಕೈಕಾಲು ಒರೆಸಿ, ಫ್ಯಾನು ಹಾಕಿ, ಬಾಲ್ಕನಿಗೆ ಓಡಿದೆ.

ಹೊರಗಿನ ಪೆಟ್ಟಿಗೆ ಕಾಣಿಸಲೇ ಇಲ್ಲ. ಅದಿರಬೇಕಾದ ಕಡೆ ಅತ್ತೆಯ ಕೌದಿಯಿತ್ತು. ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ನಾಲ್ಕೂ ಕಡೆ ಅಚ್ಚುಕಟ್ಟಾಗಿ ಒಳಗೆ ಸಿಕ್ಕಿಸಿ, ಮೇಲೆ ನೀರು ಚಿಮುಕಿಸಿ, ಎಳೇ ಮಗುವಿಗೆ ಹೊದಿಸಿದ ಹಾಗೆ! ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕರೆಂಟಿನ ಮೇಲೆ ಒದ್ದೆ ಕೌದಿ. ಒಳಗೋಡಿ ಗೋಡೆಯ ದೊಡ್ಡ ಸ್ವಿಚ್ಚು ಆರಿಸಿದೆ. ಕಾನ್ವೆಂಟಿನ ವಿಜ್ಞಾನದಲ್ಲಿ ನೆನಪುಳಿದದ್ದು ಒಂದೇ: ಒಣ ಕಟ್ಟಿಗೆಯಲ್ಲಿ ಕರೆಂಟು ಹರಿಯದು. ರಬ್ಬರ್ ಚಪ್ಪಲಿ ಮೆಟ್ಟಿ, ಬಟ್ಟೆ ಹರವುವ ಕೋಲಿನಿಂದ ಕೌದಿಯನ್ನು ಎಳೆದು ಕೆಡವಿದೆ. ಒಲೆಯ ಬಾಗಿಲು ತೆರೆದಂತೆ ಬಿಸಿ ಮುಖಕ್ಕೆ ರಾಚಿತು.

"ಯಾಕ ತಗದಿ ಯವ್ವಾ ಅದನ್ನ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಪಾಪ, ಬಿಸಿಲಾಗ ನಿಂತು ತೇಕಾಕತ್ತಿತ್ತು."

ರಾಯಚೂರಿನ ಹುಟ್ಟು ಅವರದು. ಅಲ್ಲಿಯ ತಂಪೆಲ್ಲ ಒದ್ದೆಯಿಂದ ಬಂದದ್ದು: ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ, ಒದ್ದೆ ಬಟ್ಟೆ ಸುತ್ತಿದ ಕೊಡ, ಹುಲ್ಲು ನೆನೆದ ಕೂಲರು. ಬಿಸಿಲಿಗೆ ನಿಂತದ್ದಕ್ಕೆ ಒದ್ದೆ ಹೊದಿಸುವುದು ಅವರ ಸೀಮೆಯ ಧರ್ಮ. ಏಸಿಯ ಧರ್ಮ ಬೇರೆ. ಕೋಣೆಯ ಬಿಸಿಯನ್ನು ಹೊತ್ತು ತಂದು ಹೊರಗೆ ಉಸಿರುಬಿಡುವುದು. ಮೂಗು ಮುಚ್ಚಿದರೆ ಅದು ಎಲ್ಲಿಗೆ ಬಿಡಬೇಕು?

ಬಿಡಿಸಿ ಹೇಳಿದೆ. ಅತ್ತೆ ಮಂಚದ ಮೇಲೆ ಕುಸಿದು ಕೂತರು. "ಅದು ನಿಂತರ ನನ್ನ ಉಸಿರೂ ನಿಂತೀತು ಅಂತ ತಿಳದಿದ್ದೆ. ಅವತ್ತು ಬೀಳೂಮುಂದ ಕಣ್ಣಿಗೆ ಭಾಳ ಕತ್ತಲಿ ಬಂದಿತ್ತು ನೋಡು. ಅದ ಅಂಜಿಕಿ. ನಿನ್ನ ಮುಂದ ಅಂದರ ನೀ 'ಅದೆಲ್ಲ ಈಗ ಯಾಕ್ರೀ ಅತ್ತೆ' ಅಂತಿ."

ನಿಜ, ಹಾಗೇ ಅನ್ನುತ್ತಿದ್ದೆ. ಅವರು ಅಂಜಬಾರದೆಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ನಾನು ಗಾಬರಿಯಾಗಬಾರದೆಂದು ಅವರು ನುಂಗಿಕೊಳ್ಳುತ್ತಿದ್ದರು. ಎಂಥ ಅಚ್ಚುಕಟ್ಟಾದ ಹೊದಿಕೆ!

ಕಾದ ಯಂತ್ರ ಆರಲೆಂದು ಕಾಯಬೇಕಿತ್ತು. ಅತ್ತೆಗೆ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ಕೂತೆ, "ಹೇಳ್ರೀ" ಎಂದೆ. ಅವರು ಬಿದ್ದದ್ದನ್ನು ಹೇಳಿದರು. ಕಳಚಿಹೋದ ಚಪ್ಪಲಿ, ಯಾರೋ ಮುಖಕ್ಕೆ ಎರಚಿದ ನೀರು, ಮಗನ ಹೆಸರೇ ಬಾಯಿಗೆ ಬಾರದೆ ಹೋದದ್ದು. ನಾನು ಡಾಕ್ಟರ ಮಾತನ್ನು ಹೇಳಿಬಿಟ್ಟೆ. "ಅಷ್ಟ ಏನು? ನಾ ಇನ್ನೂ ಕೆಟ್ಟದ್ದು ಅಂದಾನ ಅಂತ ಮಾಡಿದ್ದೆ" ಎಂದು ನಕ್ಕರು.

ಆಮೇಲೆ ಸ್ವಿಚ್ಚು ಹಾಕಿದೆ. ಪೆಟ್ಟಿಗೆ ದೊಡ್ಡದಾಗಿ ಗುರ್ ಎಂದಿತು, ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದೆವು. ಒಬ್ಬಳೇ ಧೈರ್ಯವಾಗಿ ಇರುವುದಕ್ಕಿಂತ ಇಬ್ಬರು ಸೇರಿ ಹೆದರುವುದು ಎಷ್ಟೋ ತಂಪು.