ಹನ್ನೊಂದು ಗಂಟೆಯ ಬಾರ್ಲಿವೈನ್

ಮಾವನ ಮೂಗು ಮುಖಕ್ಕಿಂತ ಎರಡು ಅಳತೆ ದೊಡ್ಡದು. ಹೊಳ್ಳೆಗಳ ಅಂಚು ಸದಾ ಕೆಂಪಗಿರುತ್ತಿತ್ತು. ಗ್ಲಾಸನ್ನು ಹತ್ತಿರ ತಂದಾಗ ಎಡಗಡೆಯ ಹೊಳ್ಳೆ ಮಾತ್ರ ಸಣ್ಣಗೆ ಅದುರುತ್ತಿತ್ತು, ಬಲಗಡೆಯದು ತನಗೆ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತಿತ್ತು. ಆ ಕೆಂಪನ್ನು ನೋಡಿಯೇ ಜನ ತೀರ್ಪು ಕೊಟ್ಟುಬಿಡುತ್ತಿದ್ದರು. ಅವರ ತಂದೆಯ ಮೂಗೂ ಹಾಗೆಯೇ ಇತ್ತು, ಆತ ಮಜ್ಜಿಗೆ ಬಿಟ್ಟು ಬೇರೇನೂ ಕುಡಿದವರಲ್ಲ ಎಂದು ಅತ್ತೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈಗ ನಮ್ಮ ಬಳಗದಲ್ಲಿ ಓಡಾಡುತ್ತಿರುವ ಕಥೆ ಹೀಗಿದೆ: ಮಾವ ಕುಡುಕರಾಗಿದ್ದರು, ಕೊನೆಯ ದಿನಗಳಲ್ಲಿ ಕುಡಿತ ಬಿಟ್ಟರು, ಬಿಡಿಸಿದವಳು ನಾನು. ಮೊದಲನೆಯ ಮಾತು ಸುಳ್ಳು. ಎರಡನೆಯದು ಮೊದಲನೆಯದರ ಮೇಲೆ ನಿಂತಿರುವುದರಿಂದ ಅದೂ ಬೀಳುತ್ತದೆ. ಮೂರನೆಯದು ಮಾತ್ರ ಅರ್ಧ ನಿಜ. ಆ ಅರ್ಧದ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮಾವ ಎಂದರೆ ನಮ್ಮಪ್ಪನ ಅಕ್ಕನ ಗಂಡ. ಕಡಕೊಳದ ಆಚೆ ಹೊಲ ಮಾಡಿಕೊಂಡಿದ್ದ ಮನೆಯ ಹುಡುಗ, ನಂಜನಗೂಡು ರಸ್ತೆಯ ಒಂದು ಬಿಯರ್ ಕಾರ್ಖಾನೆಗೆ ಮೂಟೆ ಹೊರಲು ಸೇರಿದರು. ಬಾರ್ಲಿ ಮೂಟೆಗಳ ಪೈಕಿ ಯಾವುದಕ್ಕೆ ಮುಗ್ಗಲು ಹಿಡಿದಿದೆ ಎಂದು ಚೀಲ ಬಿಚ್ಚದೆ ಹೇಳುತ್ತಿದ್ದರಂತೆ. ಯಾರೋ ಮೇಲಿನವರು ಅದನ್ನು ಗಮನಿಸಿ ರುಚಿ ನೋಡುವ ಕೋಣೆಗೆ ಕರೆದುಕೊಂಡರು. ನಿವೃತ್ತಿಯ ತನಕ ಅಲ್ಲೇ ಇದ್ದರು. ಚಂದನದ ಸೋಪಿನ ಊರಿನಲ್ಲಿ ಈ ಮನುಷ್ಯ ವರ್ಷಗಟ್ಟಲೆ ಕಡಲೆಹಿಟ್ಟು ಹಚ್ಚಿಕೊಂಡೇ ಸ್ನಾನ ಮಾಡಿದರು. ಸೋಪಿನ ಪರಿಮಳ ಕೈಯಲ್ಲಿ ಉಳಿದರೆ ಗ್ಲಾಸಿನದು ಗೊತ್ತಾಗುವುದಿಲ್ಲ ಎಂದು.

ಚಾಮರಾಜಪುರಂನ ಅವರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರುಚಿ ನೋಡುವ ಹೊತ್ತು. ಸಂಜೆಯಲ್ಲ. ಊಟಕ್ಕೆ ಮುಂಚೆ ನಾಲಿಗೆ ಚೊಕ್ಕಟವಾಗಿರುತ್ತದೆ ಎಂಬುದು ಅವರ ವೃತ್ತಿಯ ನಿಯಮ. ಬೆಳಿಗ್ಗೆ ಕಾಫಿ ಇಲ್ಲ, ಚಟ್ನಿ ಇಲ್ಲ, ಬರೀ ಎರಡು ಇಡ್ಲಿ. ಆದರೆ ಬೀದಿಯವರ ಲೆಕ್ಕದಲ್ಲಿ ಸಂಜೆ ಕುಡಿಯುವವನು ಕುಡುಕ, ಬೆಳಿಗ್ಗೆ ಕುಡಿಯುವವನು ಮಹಾ ಕುಡುಕ. ಅದಕ್ಕೇ ಅತ್ತೆ ಕಿಟಕಿ ಹಾಕುತ್ತಿದ್ದರು. ಯಾರಾದರೂ ಕೇಳಿದರೆ “ಬಾರ್ಲಿ ಕುಡೀತಾರೆ” ಎನ್ನುತ್ತಿದ್ದರು. ಸುಳ್ಳೇನಲ್ಲ. ಒಮ್ಮೆ ಕಾಲು ಬಾವು ಬಂದಿದ್ದ ಪಕ್ಕದ ಮನೆಯಾಕೆ ಲೋಟ ಹಿಡಿದುಕೊಂಡೇ ಬಂದರು: “ನಂಗೂ ಒಂಚೂರು ಬಾರ್ಲಿ ನೀರು ಕೊಡಿ ಕಣ್ರೀ, ಡಾಕ್ಟ್ರು ಹೇಳವ್ರೆ.” ಮಾವ ಒಳಗಿನಿಂದ, “ಕೊಡು, ಕೊಡು, ಬಾವು ಇಳೀದಿದ್ರೂ ನೋವು ಮರ್ತೋಗುತ್ತೆ” ಎಂದರು. ಅತ್ತೆ ಆ ದಿನ ನಿಜವಾಗಿಯೂ ಬಾರ್ಲಿ ಕುದಿಸಿ ಕೊಟ್ಟು ಮಾನ ಉಳಿಸಿಕೊಂಡರು.

ನನ್ನನ್ನು ಮಾವ ‘ಲಾಯರಮ್ಮ’ ಎಂದು ಕರೆಯುತ್ತಿದ್ದರು. ನಾನು ಆಗ ಕಾನೂನು ಓದುತ್ತಿದ್ದೆ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದೇ ಬುದ್ಧಿ ಎಂದು ತಿಳಿದಿದ್ದೆ. ಒಂದು ಭಾನುವಾರ ದಟ್ಟಗಳ್ಳಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಅಪ್ಪ ಕೊಟ್ಟ ಏನನ್ನೋ ತಲುಪಿಸಲು ಹೋದವಳನ್ನು ಮಾವ ಕೂರಿಸಿಕೊಂಡರು. ಅವರ ಹತ್ತಿರ ಕೆಲಸ ಕಲಿತ ಹುಡುಗಿಯೊಬ್ಬಳು ಊರಾಚೆ ಸಣ್ಣದೊಂದು ಬ್ರೂವರಿಯಲ್ಲಿ ಬಿಯರ್ ಮಾಡುತ್ತಿದ್ದಳು. ಅವಳು ರುಚಿ ನೋಡಲು ಬಾಟಲಿ ಕಳಿಸುತ್ತಿದ್ದಳು. ಅವತ್ತು ಬಂದದ್ದು ಬಾರ್ಲಿವೈನ್.

“ದ್ರಾಕ್ಷಿನೇ ಇಲ್ಲ, ವೈನ್ ಹೇಗಾಗುತ್ತೆ ಮಾವ?” ಎಂದು ಕೇಳಿದೆ.

“ಮಾಡೋದು ಬಿಯರ್ ತರ, ಹೊಡೆಯೋದು ವೈನ್ ತರ. ಹೆಸರಲ್ಲಿ ವಾದ ಮಾಡ್ಬೇಡ ಕಣಮ್ಮ, ಗ್ಲಾಸಲ್ಲಿ ಮಾಡು.”

ಗ್ಲಾಸಿನಲ್ಲಿ ಮೂರು ಬೆರಳಷ್ಟು ಮಾತ್ರ. ತೇಗದ ಹಳೆಯ ಬಾಗಿಲಿನ ಬಣ್ಣ. ನೊರೆ ತೆಳ್ಳಗೆ ಬಂದು ಬೇಗ ಹೋಯಿತು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿಸಿದ್ದರು. ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಈ ಜಾತಿಯದು ತನ್ನ ಗುಟ್ಟನ್ನು ಬೆಚ್ಚಗಾದ ಮೇಲೇ ಹೇಳುವುದು ಎಂದರು. ಅಂಗೈಯಲ್ಲಿ ಹಿಡಿದು ತಿರುಗಿಸು, ಮೂಸು, ಇಳಿಸು, ಮತ್ತೆ ಮೂಸು. ಆಮೇಲೆ ಒಂದು ಗುಟುಕು, ನಾಲಿಗೆಯ ಮೇಲೆ ಹರಡಿ, ನುಂಗಬೇಕು. ಉಗುಳಿದರೆ ಕಹಿ ಗೊತ್ತಾಗುವುದಿಲ್ಲ, ಅದು ಗಂಟಲ ಬಾಗಿಲಲ್ಲಿ ಕೂತಿರುತ್ತದೆ.

“ಈಗ ಮೊದ್ಲು ನೀನು ಹೇಳು.”

“ಕೆಮ್ಮಿನ ಸಿರಪ್” ಎಂದೆ.

ಅವರು ನಗಲಿಲ್ಲ. “ಸರಿ. ಸುಳ್ಳು ಹೇಳ್ಲಿಲ್ಲ. ಇನ್ನೊಂದ್ಸಲ.”

ಇನ್ನೊಂದು ಸಲಕ್ಕೆ ಖರ್ಜೂರ ಬಂತು. ಮೂರನೆಯ ಸಲಕ್ಕೆ, ಹಬ್ಬದ ದಿನ ಅಮ್ಮ ಮರೆತು ತಳ ಹಿಡಿಸಿದ ಒಬ್ಬಟ್ಟಿನ ಹೂರಣ. ನನಗೆ ನನ್ನ ಮೂಗಿನ ಮೇಲೇ ಆಶ್ಚರ್ಯವಾಯಿತು. ಮಾವ ಕಣ್ಣು ಮುಚ್ಚಿ, “ಹೂರಣ. ಬೆಲ್ಲದ್ದೋ, ಬೇಳೆಯದ್ದೋ?” ಎಂದು ಕೇಳಿದರು. ಬೆಲ್ಲದ್ದು. “ಹೊಸ ಬೆಲ್ಲವೋ, ಹಳೇದೋ?” ಹಳೆಯದು, ಕಪ್ಪಗಾದದ್ದು. ಅವರು ಅದನ್ನು ರುಚಿಗಳನ್ನು ಗುರುತು ಹಾಕಿಕೊಳ್ಳುವ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಮ್ಮ ಪಾಲಿನದನ್ನು ಕುಡಿದು, “ತೂಕ ಇದೆ. ತುಟಿಗೆ ಅಂಟುತ್ತೆ. ಒಗರು ಕೊನೇಲಿ ಬಂದು ಸಿಹಿನ ಹಿಡಿದು ನಿಲ್ಲಿಸುತ್ತೆ. ಎದೇಲಿ ಬಿಸಿ ನಿಧಾನಕ್ಕೆ ಇಳೀತದೆ, ಉರೀತಿಲ್ಲ. ಚೆನ್ನಾಗಿ ಮಾಡವ್ಳೆ ಹುಡುಗಿ” ಎಂದರು. ಆ ಒಂದು ಗ್ಲಾಸು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕುಡುಕರು ಹೀಗೆ ಕುಡಿಯುತ್ತಾರೆ ಎಂದು ವಾದಿಸುವವರು ಮುಂದೆ ಬರಲಿ.

ಎರಡು ವರ್ಷ ಭಾನುವಾರಗಳು ಹೀಗೇ ಹೋದವು. ನಾನು ಕಲಿತೆ. ಒಗರು, ಘಾಟು, ಕಮಟು, ಸೀಕಲು, ಹಸಿ ವಾಸನೆ. ಅಡುಗೆಮನೆಯ ಈ ಮಾತುಗಳಿಗೆ ಇಷ್ಟು ನಿಖರವಾದ ಗಡಿಗಳಿವೆ ಎಂದು ಯಾವ ಪ್ರಾಧ್ಯಾಪಕರೂ ನನಗೆ ಹೇಳಿರಲಿಲ್ಲ. ಆದರೆ ನನ್ನ ಹಾಳು ಬುದ್ಧಿ ಒಂದನ್ನು ಗಮನಿಸಿತು. ವಾಸನೆಯ ಮಾತು ಬಂದಾಗ ಮಾವ ಒಂದು ಸಲವೂ ಮೊದಲು ಹೇಳುತ್ತಿರಲಿಲ್ಲ. ಪ್ರತಿ ಸಲವೂ “ಮೊದ್ಲು ನೀನು ಹೇಳು.” ನಾನು ಹೇಳಿದ್ದನ್ನೇ ಬಿಡಿಸಿ ಬಿಡಿಸಿ ಕೇಳಿ, ಪುಸ್ತಕಕ್ಕೆ ಹಾಕುತ್ತಿದ್ದರು. ಗಿಳಿಶಾಸ್ತ್ರದವರು ಮಾಡುವುದೂ ಇದನ್ನೇ ಅಲ್ಲವೇ ಅನ್ನಿಸಿತು.

ಒಂದು ಭಾನುವಾರ ಬೇಕೆಂದೇ ಸುಳ್ಳು ಹೇಳಿದೆ. “ಏಲಕ್ಕಿ ಬರ್ತಿದೆ ಮಾವ.” ಏಲಕ್ಕಿಯ ಸುಳಿವೂ ಇರಲಿಲ್ಲ.

ಅವರು ಮೂಸಿದರು. ಹೊಳ್ಳೆ ಅದುರಿತು. “ಏಲಕ್ಕಿನಾ? ಇರ್ಬೋದು ಕಣಮ್ಮ. ನೀನು ಹೇಳ್ತಿದ್ದೀಯಲ್ಲ” ಎಂದು ಬರೆದುಕೊಂಡರು.

ನನಗೆ ಆಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಎದುರಾಳಿ ಸಿಕ್ಕಿಬಿದ್ದಾಗ ಆಗುವಂಥದೇ ಖುಷಿ. ಅವರು ನನ್ನನ್ನು ನಂಬಿ ಬರೆದುಕೊಂಡದ್ದನ್ನು ನಾನು ಅವರ ವಿರುದ್ಧದ ಸಾಕ್ಷ್ಯ ಎಂದು ಎತ್ತಿಟ್ಟುಕೊಂಡೆ.

ಸ್ವಲ್ಪ ದಿನಕ್ಕೆ ಆ ಹುಡುಗಿ ಎರಡು ಬಾಟಲಿ ಕಳಿಸಿದಳು. ಒಂದರ ಮೇಲೆ ‘ಹೊಸದು’ ಎಂದು ಚೀಟಿ, ಇನ್ನೊಂದರ ಮೇಲೆ ‘ಹಳೇದು’. ಒಂದೇ ಬಾರ್ಲಿವೈನ್, ಒಂದು ಈ ಸಲದ್ದು, ಇನ್ನೊಂದು ವರ್ಷವಿಡೀ ಮರದ ಪೀಪಾಯಿಯಲ್ಲಿ ಮಲಗಿದ್ದು. ಪೀಪಾಯಿಯದನ್ನು ಈಗಲೇ ತೆಗೆಯಬೇಕೋ, ಇನ್ನೂ ಬಿಡಬೇಕೋ ಎಂದು ಮಾವನೇ ಬಂದು ಹೇಳಬೇಕಂತೆ. ಮುಂದಿನ ಭಾನುವಾರ ಕಾರು ಕಳಿಸುವುದಾಗಿ ಹೇಳಿದ್ದಳು. ಮಾವ ಇಸ್ತ್ರಿಗೆ ಕೊಡಲು ಅಂಗಿ ತೆಗೆದಿಟ್ಟಿದ್ದರು. ನಿವೃತ್ತಿಯಾದ ಮೇಲೆ ಯಾರೂ ಅವರನ್ನು ಹಾಗೆ ಕರೆದಿರಲಿಲ್ಲ.

ಅತ್ತೆಗೆ ಸಿಟ್ಟು. “ಮನೇಲಿ ಕಿಟಕಿ ಹಾಕ್ಕೊಂಡು ಆಗೋದು ಸಾಲದು ಅಂತ ಈಗ ಕಾರಲ್ಲಿ ಮೆರವಣಿಗೆ ಬೇರೆ. ಬಿ.ಪಿ. ನೋಡಿದ್ರೆ ಮೇಲೇರಿ ಕೂತದೆ. ಅವರು ಕುಡಿಯಲ್ಲ, ರುಚಿ ನೋಡ್ತಾರೆ ಅಂತ ಹೇಳಿ ಹೇಳಿ ನನ್ ಬಾಯಿ ಸವೆದೋಯ್ತು. ನೀನಾದ್ರೂ ಹೇಳೇ.”

ಹೇಳಬಹುದಿತ್ತು, ಮಾತಿನಲ್ಲಿ. ನಾನು ಪರೀಕ್ಷೆ ಇಟ್ಟೆ.

ಪರೀಕ್ಷೆಯನ್ನು ನನಗೆ ಕಲಿಸಿದವರು ಮಾವನೇ. ಕಾರ್ಖಾನೆಗೆ ಹೊಸಬರು ಬಂದರೆ ಮೂರು ಗ್ಲಾಸು ಇಡುತ್ತಿದ್ದರಂತೆ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದನ್ನು ತೋರಿಸಬೇಕು. “ಗೊತ್ತಿಲ್ಲ ಅನ್ನಂಗಿಲ್ಲ. ತೋರಿಸ್ಲೇಬೇಕು” ಎಂಬುದು ಅದರ ನಿಯಮ. ನಾನು ಹೇಳಿದೆ: “ಮಾವ, ಹೋಗೋಕೆ ಮುಂಚೆ ಇಲ್ಲೇ ಒಂದ್ಸಲ ನೋಡ್ಬಿಡೋಣ. ನಾನು ಸುರಿದ್ರೆ ನನ್ನ ಮುಖ ನೋಡಿ ಕಂಡುಹಿಡೀತೀರಿ. ಅತ್ತೆ ಒಳಗೆ ಸುರಿದು, ಯಾವುದು ಬೇರೆ ಅಂತ ಚೀಟೀಲಿ ಬರೆದಿಟ್ಕೊಳ್ಳಲಿ.” ನಿಷ್ಪಕ್ಷಪಾತದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮಾವ ಪುಸ್ತಕ ಮುಚ್ಚಿಟ್ಟು, “ಆಯ್ತು ಲಾಯರಮ್ಮ” ಎಂದರು.

ಅತ್ತೆ ಅಡುಗೆಮನೆಯಲ್ಲಿ ಸುರಿದು ತಟ್ಟೆಯಲ್ಲಿ ಮೂರು ಸ್ಟೀಲ್ ಲೋಟ ತಂದಿಟ್ಟರು. ಬಣ್ಣ ಕಾಣಬಾರದೆಂದು ಗ್ಲಾಸು ಬೇಡವೆಂದಿದ್ದೆ. ಮಾವ ಒಂದೊಂದನ್ನೂ ಎರಡು ಸಲ ಕುಡಿದರು, ನಡುವೆ ನೀರು ಮುಕ್ಕಳಿಸಿದರು. ಹತ್ತು ನಿಮಿಷವಾದರೂ ಆಗಿರಬೇಕು. ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

“ಮೂರೂ ಒಂದೇ” ಎಂದರು ಮಾವ.

“ಹಾಗನ್ನಂಗಿಲ್ಲ ಮಾವ. ನೀವೇ ಮಾಡಿದ ನಿಯಮ. ಒಂದು ಬೇರೆ ಇದ್ದೇ ಇರುತ್ತೆ, ತೋರಿಸ್ಲೇಬೇಕು.”

“ಮೂರೂ ಒಂದೇ ಕಣಮ್ಮ. ಅದೇ ತೂಕ, ಅದೇ ಒಗರು.”

“ಗೊತ್ತಾಗ್ತಿಲ್ಲ ಅಂದ್ರೆ ಗೊತ್ತಾಗ್ತಿಲ್ಲ ಅನ್ನಿ. ಎರಡು ವರ್ಷದಿಂದ ನಾನು ಹೇಳಿದ್ದನ್ನೇ ನೀವು ಬರ್ಕೊಳ್ತಿದ್ದೀರಿ. ಏಲಕ್ಕಿ ಅಂತ ಸುಳ್ಳು ಹೇಳಿದ್ರೂ ಬರ್ಕೊಂಡ್ರಿ.”

ಅವರು ತಲೆಯೆತ್ತಿ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ಮಾವ ಲೋಟಗಳತ್ತ ತಿರುಗಿ, ಯೋಚಿಸದೆ, “ನಡುವಿಂದು” ಎಂದರು.

ಅತ್ತೆ ಚೀಟಿ ಕೊಟ್ಟರು. ‘ಎಡಗಡೆ’ ಎಂದಿತ್ತು.

“ಸರಿ. ಸರಿಯಾಗೇ ಮಾಡಿದ್ದೀಯ” ಎಂದು ಮಾವ ಎದ್ದರು. ನನ್ನೆದುರಿಗೇ ಆ ಹುಡುಗಿಗೆ ಫೋನ್ ಮಾಡಿ, “ಕಾರು ಕಳಿಸ್ಬೇಡಮ್ಮ. ಎರಡನ್ನೂ ನೋಡ್ದೆ, ಕಂಡುಹಿಡಿಯೋಕೆ ಆಗ್ಲಿಲ್ಲ. ಬೇರೆ ಯಾರನ್ನಾದ್ರೂ ಕೇಳು. ನನ್ ಕೈಲಿ ಇನ್ನಾಗಲ್ಲ” ಎಂದರು. ಆ ಕಡೆಯಿಂದ ಅವಳು ಏನೇನೋ ಹೇಳುತ್ತಲೇ ಇದ್ದಳು. ಮಾವ “ಇಲ್ಲಮ್ಮ, ಇಲ್ಲಮ್ಮ” ಎನ್ನುತ್ತಾ ಫೋನ್ ಇಟ್ಟರು.

ಅದೇ ಕೊನೆ. ಆಮೇಲೆ ಒಂದು ಹನಿ ಮುಟ್ಟಲಿಲ್ಲ. ನಾನು ಭಾನುವಾರ ಹೋದರೆ ಪೇಪರ್ ಓದುತ್ತಿರುತ್ತಿದ್ದರು, ಕಾಫಿ ಕುಡಿಯುತ್ತಿರುತ್ತಿದ್ದರು, ಕಾಲೇಜಿನ ಪರೀಕ್ಷೆ ಹೇಗಾಯಿತು ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ. ಆದರೆ ಯಾವುದಕ್ಕೂ ‘ಮೊದ್ಲು ನೀನು ಹೇಳು’ ಎನ್ನಲಿಲ್ಲ. ಚಂದನದ ಸೋಪು ಹಚ್ಚತೊಡಗಿದರು. ಅತ್ತೆಗೆ ಅದೊಂದು ಸಂತೋಷ. ನಾನು ಹೋಗುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ. ಗೆದ್ದ ಮೇಲೆ ಸೋತವರ ಮನೆಗೆ ಹೋಗಿ ಏನು ಮಾತಾಡುವುದು? ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದವರು ಹಾಗೇ ಒರಗಿದರು. ಹೃದಯ, ಎಂದರು ಡಾಕ್ಟರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಊರಿನಿಂದ ಎಲ್ಲರೂ ಬಂದಿದ್ದರು. ನಮ್ಮಲ್ಲಿ ಎಡೆಗೆ ಹೋದವರ ಇಷ್ಟದ್ದನ್ನೆಲ್ಲ ಇಡುತ್ತಾರೆ. ಬೀಡಿ ಸೇದುತ್ತಿದ್ದರೆ ಬೀಡಿ, ಕುಡಿಯುತ್ತಿದ್ದರೆ ಬಾಟಲಿ. ಹಿರಿಯರೊಬ್ಬರು, “ಏನಮ್ಮ, ಅವನ್ದು ಒಂದು ಇಡ್ಬೇಕಲ್ಲ?” ಎಂದರು. ಅತ್ತೆ, “ಬಿಟ್ಬುಟ್ಟಿದ್ರು” ಎಂದರು. “ಈ ಮಗು ಬಿಡಿಸ್ತು” ಎಂದು ಪಕ್ಕದಲ್ಲಿದ್ದ ಇನ್ಯಾರೋ ನನ್ನ ತಲೆ ಸವರಿದರು.

ಅಷ್ಟರಲ್ಲಿ ಆ ಬ್ರೂವರಿಯ ಹುಡುಗಿ ಬಂದಳು, ಕೈಯಲ್ಲಿ ಕಾಗದ ಸುತ್ತಿದ ಬಾಟಲಿ. ಪೀಪಾಯಿಯ ಬಾರ್ಲಿವೈನ್, ಎಡೆಗೆ. ಅತ್ತೆ ಬೇಡವೆಂದು ತಲೆಯಾಡಿಸಿ ಒಳಗೆ ಹೋಗಿ ಇನ್ನೊಂದು ಬಾಟಲಿ ತಂದು ಅವಳ ಕೈಗಿಟ್ಟರು. “ಇದೂ ನಿಂದೇ ಕಣಮ್ಮ. ಇಲ್ಲೇ ಉಳ್ಕೊಂಬುಟ್ಟಿತ್ತು. ಎರಡೂ ತಗೊಂಡೋಗು.” ಹೇಳಿ ಮತ್ತೆ ಅಡುಗೆಮನೆಗೆ ಹೋದರು.

ಅವಳು ಅದನ್ನು ತಿರುಗಿಸಿ ನೋಡಿದಳು. ಅವಳದೇ ಅಕ್ಷರದ ಚೀಟಿ: ‘ಹಳೇದು’. ತಗಡಿನ ಮುಚ್ಚಳ ಬ್ರೂವರಿಯಲ್ಲಿ ಒತ್ತಿದಂತೆಯೇ ಇತ್ತು. “ಇದನ್ನ ತೆಗೆದೇ ಇಲ್ವಲ್ಲ. ಆವತ್ತು ಎರಡನ್ನೂ ನೋಡಿದ್ರು, ಕಂಡುಹಿಡಿಯೋಕೆ ಆಗ್ಲಿಲ್ಲ ಅಂದಿದ್ರು?”

ನಾನು ಚೀಟಿ ಓದಲು ಹತ್ತಿರ ಹೋದೆ. ಅವಳು ನನ್ನನ್ನು ಊಹೆಯಿಂದಲೇ ಗುರುತು ಹಿಡಿದಳು. “ದಟ್ಟಗಳ್ಳಿಯವರು ನೀವೇನಾ? ಮೂರು ವರ್ಷದ ಹಿಂದೆ ಜ್ವರ ಬಂದಾಗಿಂದ ಸರ್‌ಗೆ ವಾಸನೆ ಪೂರ್ತಿ ಹೋಗಿತ್ತು, ನಂಗೆ ಮೊದಲೇ ಹೇಳಿದ್ರು. ಹಾಗಾದ್ರೆ ಹೇಗೆ ಸರ್ ಅಂದ್ರೆ, ನಾಲಿಗೆ ಇನ್ನೂ ನಂದೇ ಅದೆ, ಮೂಗು ಒಂದು ದಟ್ಟಗಳ್ಳಿಯಿಂದ ಭಾನುವಾರ ಬರುತ್ತೆ ಕಣಮ್ಮ, ನನ್ನದಕ್ಕಿಂತ ಚೆನ್ನಾಗದೆ ಅನ್ನೋರು.”

ಅಂದರೆ ಅವರು ಯಾರಿಗೂ ಮೋಸ ಮಾಡಿರಲಿಲ್ಲ. ಹಳತು ಹೊಸತಿನ ವ್ಯತ್ಯಾಸ ತಿಳಿಯಲು ಆ ನಾಲಿಗೆ ಸಾಕಿತ್ತು. ವ್ಯತ್ಯಾಸವೇ ಇಲ್ಲದ ಕಡೆ ಇಲ್ಲ ಎಂದು ಎರಡು ಸಲ ಹೇಳಿತ್ತು. ಒಂದು ಸಲ ನಾನು ನಿಯಮ ಓದಿದ್ದೆ, ಇನ್ನೊಂದು ಸಲ ಏಲಕ್ಕಿಯನ್ನು ಎತ್ತಿದ್ದೆ.

ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಬಡಿಸಲು ಸಾರನ್ನು ಸಣ್ಣ ಪಾತ್ರೆಗೆ ಬಗ್ಗಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ತಿರುಗಿ ನೋಡಲಿಲ್ಲ, ಬಂದವಳು ನಾನೇ ಎಂದು ಅವರಿಗೆ ಗೊತ್ತಿತ್ತು.

“ಅತ್ತೆ, ಮೂರಕ್ಕೂ ಒಂದೇ ಬಾಟ್ಲಿಯಿಂದ ಯಾಕೆ ಸುರಿದ್ರಿ ಅಂತ ನಾನು ಕೇಳಲ್ಲ. ಆ ಪರೀಕ್ಷೆ ಇಟ್ಟವಳು ನಾನು. ಇದೊಂದು ಹೇಳಿ ಸಾಕು. ಮಾವ ನಿಮ್ಮ ಮುಖ ನೋಡಿದ್ರಲ್ಲ, ಆಮೇಲೆ ತಾನೇ ನಡುವಿಂದು ಅಂದದ್ದು. ನೀವು ಮಾಡಿದ್ದು ಅವರಿಗೆ ಗೊತ್ತಾಗಿತ್ತಾ?”