ಅತ್ತೆ ಕೊಟ್ಟ ಗಡ್ಡೆಯ ಚೂರು

ಗದ್ವಾಲದ ನನ್ನ ಸೋದರತ್ತೆಯ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ತಿಳಿದಾಗ ನಾನು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಅದೇ ರೋಗದ ಕುರಿತು ಸಂಶೋಧನೆ ಮಾಡುತ್ತಿದ್ದೆ. ವರ್ಷಗಟ್ಟಲೆ ಆ ರೋಗವನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ಮಾತ್ರ ನೋಡಿದ್ದವಳು, ಅತ್ತೆಯನ್ನು ಹೈದರಾಬಾದಿನ ಆಸ್ಪತ್ರೆಗೇ ಕರೆತರುವಂತೆ ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

ಅತ್ತೆ ಚಿಕ್ಕಂದಿನಿಂದ ಸೀರೆ ನೇಯ್ದವಳು. ಓದು ಬರಹ ಇಲ್ಲ. ಆದರೆ ತಿಳಿಯದ ಮಾತಿಗೆ ತಲೆಯಾಡಿಸುವವಳಲ್ಲ. ಗಡ್ಡೆ ಇನ್ನೂ ಚಿಕ್ಕದು, ತೆಗೆಯಬಹುದು ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ದಿನ ನರ್ಸ್ ಒಂದು ಕಾಗದ ತಂದರು. ತೆಗೆದ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಲು ಒಪ್ಪಿಗೆಪತ್ರ ಅದು. ಆ ಚೂರುಗಳು ಬರುತ್ತಿದ್ದುದು ನಮ್ಮ ಪ್ರಯೋಗಾಲಯಕ್ಕೇ. ನಾನು ಓದಿ ಹೇಳಿದೆ. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ.

“ಇದ್ರಾಗ ನೀವು ಏನ್ ಹುಡುಕ್ತೀರಿ, ಅದನ್ನ ಹೇಳು.”

“ಮೈ ಹೆಂಗ ನಡೀಬೇಕಂತ ಜೀವಕೋಶದಾಗ ಬರದಿರ್ತೈತಿ ಅತ್ತಿ. ಅದರ ನಕಲಿಗೆ ಆರ್‌ಎನ್‌ಎ ಅಂತಾರ. ಕೆಲವು ನಕಲು ಪ್ರೋಟೀನ್ ಮಾಡಾಕ ಬೇಕು. ಇನ್ನ ಕೆಲವು ಉದ್ದನ್ನವು ಅದಾವ, ಪ್ರೋಟೀನ್ ಮಾಡಂಗಿಲ್ಲ. ಕೆಲಸಕ್ಕ ಬಾರದವು ಅಂತಿದ್ರು ಮೊದ್ಲ.”

“ಈಗ?”

“ಯಾವ ಕೆಲಸ ಚಾಲೂ ಆಗ್ಬೇಕು, ಯಾವ್ದು ಬಂದ್ ಆಗ್ಬೇಕು ಅನ್ನೋದ್ರಾಗ ಅವುಗಳ ಕೈವಾಡ ಐತಿ. ಈ ರೋಗದಾಗ ಕೆಲವು ಹೆಚ್ಚಾಗ್ತಾವ, ಕೆಲವು ಕಡಿಮಿ ಆಗ್ತಾವ. ಅದನ್ನ ರಕ್ತದಾಗ ಗುರ್ತ ಹಿಡಿದ್ರ ರೋಗ ಲಗೂ ಗೊತ್ತಾಗಬಹುದು.”

“ನನಗೇನರ ಉಪಯೋಗ ಐತೇನು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಅತ್ತಿ. ಮುಂದಿನೋರಿಗೆ ಆಗಬಹುದು, ಆಗದನೂ ಇರಬಹುದು. ನೀ ಬ್ಯಾಡಂದ್ರೂ ನಡೀತೈತಿ.”

“ಹೆಂಗೂ ತಗದು ಒಗಿಯೋದು. ತಗೋರಿ,” ಎಂದು ಹೆಬ್ಬೆಟ್ಟು ಒತ್ತಿದಳು.

ಆಪರೇಷನ್ ಸುಸೂತ್ರವಾಯಿತು. ಮೂರು ತಿಂಗಳಾದ ಮೇಲೆ ನಾನು ಗದ್ವಾಲಕ್ಕೆ ಹೋದಾಗ ಅವಳು ಕೇಳಿದ ಮೊದಲ ಮಾತು, “ನನ್ನ ಚೂರಿನಾಗ ಏನ್ ಕಾಣ್ತು?”

ಕೊಳವೆಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು, ಯಾವುದು ನಿನ್ನದೋ ನನಗೂ ಗೊತ್ತಿಲ್ಲ ಎಂದೆ. ಅವಳಿಗೆ ಬೇಸರವಾದೀತೆಂದು ಅಂಜಿದ್ದೆ.

“ಚಲೋ ಆತು ಬಿಡು,” ಎಂದಳು. “ಹೆಸರಿದ್ದಿದ್ರ ನೀ ನಂದೊಂದ ನೋಡ್ಕೋಂತ ಕುಂದರ್ತಿದ್ದಿ.”

ವಿಜ್ಞಾನದಲ್ಲಿ ಇಷ್ಟು ಕಲಿತ ನನಗೂ ಆ ಹೆಸರಿಲ್ಲದ ಕ್ರಮದ ಅರ್ಥ ಅಷ್ಟು ಸರಳವಾಗಿ ಎಂದೂ ಹೊಳೆದಿರಲಿಲ್ಲ.

ಅವಳ ರೋಗಕ್ಕೆ ಹೆಪಟೈಟಿಸ್ ಬಿ ಸೋಂಕು ಕಾರಣವಿರಬೇಕು, ತಾಯಿಯಿಂದಲೇ ಬಂದಿರಬಹುದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಲಿ ಎಂದು ಡಾಕ್ಟರು ಹೇಳಿದ್ದರು. ನಾನು ಹೇಳಿದರೆ ಅಪ್ಪ ನಾಳೆ, ನಾಡಿದ್ದು ಎನ್ನುತ್ತಿದ್ದರು. ಅದು ತಿಳಿದು ಅತ್ತೆ ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು ಬಸ್ ಹತ್ತಿದಳು. ಮಕ್ತಲದಲ್ಲಿ ಇಳಿದು, ಅಲ್ಲಿರುವ ಚಿಕ್ಕಪ್ಪನನ್ನು ಎಬ್ಬಿಸಿಕೊಂಡು ನಮ್ಮೂರು ನಾರಾಯಣಪೇಟೆಗೆ ಬಂದಳು. ಅಪ್ಪ ಮಗ್ಗದ ಮುಂದೆ ಕೂತಿದ್ದರು.

“ಏಳು ತಮ್ಮಾ, ದವಾಖಾನಿಗೆ ನಡಿ.”

“ನನಗೇನಾಗೇತಿ ಅಕ್ಕ? ಗಟ್ಟಿಮುಟ್ಟ ಅದೀನಿ.”

“ನಾನೂ ಹಂಗ ಅದೀನಿ ಅಂದ್ಕೊಂಡಿದ್ದೆ.”

ಅಪ್ಪ ಎದ್ದು ಅಂಗಿ ಹಾಕಿಕೊಂಡರು. ಚಿಕ್ಕಪ್ಪನಿಗೆ ಸೋಂಕಿರಲಿಲ್ಲ, ಲಸಿಕೆ ಹಾಕಿಸಿದೆವು. ಅಪ್ಪನಿಗೆ ಇತ್ತು. ಗಡ್ಡೆಯೇನೂ ಇರಲಿಲ್ಲ. ಈಗ ದಿನಕ್ಕೊಂದು ಗುಳಿಗೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಅಪ್ಪ, ಅತ್ತೆ ಇಬ್ಬರೂ ಒಂದೇ ದಿನ ಹೈದರಾಬಾದಿಗೆ ಬಂದು, ಪರೀಕ್ಷೆ ಮುಗಿಸಿಕೊಂಡು, ನನ್ನ ಕೋಣೆಯಲ್ಲಿ ಊಟ ಮಾಡಿ ಹೋಗುತ್ತಾರೆ.