ನೀಲಾವತಿಯ ಸಜಾತಿ ಪದಗಳು

“ದುಗ್ಗಕ್ಕ, ಮಾಸ್ತ್ರು ಅಲಸಂಡೆಯ ಲೆಕ್ಕ ಹೇಳಿದ್ದು ನೆನಪುಂಟಾ ನಿಮಗೆ? ಮೂರು ‘ಅ’, ಎರಡು ‘ಅ’, ಕೂಡಿದ್ರೆ ಐದು ‘ಅ’. ನಾನು ‘ಅ’ ಅಂದ್ರೆ ಅಲಸಂಡೆ ಅಂತಲೇ ತಿಳ್ಕೊಂಡದ್ದು. ‘ಬ’ ಅಂದ್ರೆ ಬೆಂಡೆ. ಬುಟ್ಟಿಗೆ ಹಾಕುದು, ಎಣಿಸುದು, ಇದೆಂತ ದೊಡ್ಡ ವಿದ್ಯೆ ಅಂತ. ಆಮೇಲೆ ಒಂದಿನ ಅವರು ಕೇಳಿದ್ರು, ‘ಅ’ ಹತ್ತಾದ್ರೆ ಮೂರು ‘ಅ’ ಎಷ್ಟು ಅಂತ. ಅಲಸಂಡೆ ಹತ್ತು ಹೇಗೆ ಆಗುದು ಮಾಸ್ತ್ರೆ, ಅಲಸಂಡೆ ಅಲಸಂಡೆಯೇ ಅಲ್ವಾ ಅಂದೆ. ಅವರು ತಲೆ ಮೇಲೆ ಕೈ ಇಟ್ರು. ‘ಅ’ ಅಂದ್ರೆ ತರಕಾರಿ ಅಲ್ಲ ನೀಲಾವತಿ, ಒಂದು ಸಂಖ್ಯೆ. ಎಷ್ಟು ಅಂತ ಈಗ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲ ಅಂತ ಹೆದರಿ ಕೂತ್ರೆ ಆಗುದಿಲ್ಲ. ಗೊತ್ತುಂಟು ಅನ್ನುವ ಹಾಗೆಯೇ ಅದನ್ನು ಕೂಡಿಸ್ಬೇಕು, ಕಳೀಬೇಕು, ಆ ಕಡೆ ಈ ಕಡೆ ಮಾಡ್ಬೇಕು. ಕಡೆಗೆ ಅದೇ ಬಾಯಿ ಬಿಡ್ತದೆ ಅಂದ್ರು. ಅದು ನಂಗೆ ಎಷ್ಟು ಚಂದ ಕಂಡಿತು ಗೊತ್ತುಂಟಾ? ನನ್ನ ಬದುಕೂ ಹಾಗೇ ಅಂತ ಎಣಿಸಿದೆ. ಈಗ ಗೊತ್ತಿಲ್ಲ, ಕಡೆಗೆ ಗೊತ್ತಾಗ್ತದೆ ಅಂತ. ಸಾಯ್ಲಿ. ಒಂದೂ ಮರೆತಿಲ್ಲ ನೋಡಿ. ಮರೆತು ಹೋಗಿದ್ರೆ ಒಳ್ಳೇದಿತ್ತು.”

ನೀಲಾವತಿ ಇದನ್ನು ನನಗೆ ಹೇಳಿದ್ದು ಪಂಜದಲ್ಲಿ, ಅವಳ ಎರಡನೆಯ ಗಂಡನ ಮನೆಯ ಹಿಂದಿನ ಜಗಲಿಯಲ್ಲಿ. ಸಾವಿರದ ಒಂಬೈನೂರ ಅರುವತ್ತಮೂರೋ ಅರುವತ್ತನಾಲ್ಕೋ ಇರಬೇಕು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಈ ಲೆಕ್ಕದ ಮಾತುಗಳು ಗೊತ್ತಿರುವುದು ಅವಳಿಂದ, ಅವಳ ಪಾಠ ನಡೆಯುವಾಗ ಪಕ್ಕದಲ್ಲಿ ಕೂತು ಕೇಳಿದ್ದರಿಂದ.

ಅಜ್ಜಾವರದಲ್ಲಿ ನಮ್ಮ ಮನೆಗೂ ಅವಳ ಅಣ್ಣ ಮೇದಪ್ಪನ ಮನೆಗೂ ನಡುವೆ ಬೇಲಿ ದಾಟುವ ಒಂದು ತಡಮೆ ಮಾತ್ರ. ನೀಲಾವತಿ ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಗಣಿತ ಒಂದರಲ್ಲಿ ಬಿದ್ದಳು. ಬಿದ್ದ ವರ್ಷವೇ ಮದುವೆ ಮಾಡಿದರು. ಗಂಡ ಸಂಪಾಜೆ ಕಡೆಯವನು. ಘಾಟಿಯಲ್ಲಿ ಮರದ ಲಾರಿ ಮಗುಚಿ ಅವನು ಹೋದ. ಅವಳಿಗೆ ಆಗ ಇಪ್ಪತ್ತೂ ಆಗಿರಲಿಲ್ಲ. ಅತ್ತೆಯ ಮನೆಯಲ್ಲಿ ಇರು ಅಂದವರಿಲ್ಲ, ಹೋಗು ಅಂದವರೂ ಇಲ್ಲ. ಒಂದು ದಿನ ಮೇದಪ್ಪನೇ ಹೋಗಿ ಕರೆದುಕೊಂಡು ಬಂದ.

ಬಂದವಳು ಒಂದು ತಿಂಗಳು ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ಅಣ್ಣನ ಎದುರು ನಿಂತು ಹೇಳಿದಳಂತೆ, “ಗಣಿತ ಒಂದು ಪಾಸಾದ್ರೆ ನಂಗೆ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಗ್ತದೆ ಅಣ್ಣ. ಒಂದು ಸರ್ತಿ ಬರೀಲಿಕ್ಕೆ ಬಿಡು.” ಆ ಕಾಲದಲ್ಲಿ ಎಂಟನೆಯದು ಪಾಸಾದವರು ಟೀಚರ್ ಆಗಬಹುದಿತ್ತು. ಮೇದಪ್ಪ ಕೆಟ್ಟವನಲ್ಲ. “ಒಂದೇ ಸರ್ತಿ” ಅಂದ. “ಬಿದ್ದರೆ ಮತ್ತೆ ನಾನು ಹೇಳಿದ ಹಾಗೆ.” ಅವಳು ಒಪ್ಪಿದಳು.

ಕಲಿಸಲು ಬಂದವರು ಶೀನಪ್ಪ ಮಾಸ್ತರು. ಶಾಲೆಗೆ ಹೊಸದಾಗಿ ಬಂದವರು, ಕಡಬದ ಕಡೆಯವರು, ತುಳು ಮಾತಿನವರು. ಅಪ್ಪ ಮೂರ್ತೆ ಕೆಲಸ ಮಾಡಿ, ತಾಳೆಮರ ಹತ್ತಿ ಕಳ್ಳು ಇಳಿಸಿ ಮಗನನ್ನು ಓದಿಸಿದ್ದರು. ನಮ್ಮ ಜಾತಿಯವರಲ್ಲ. ಹಾಗಾಗಿ ಅವರು ಕೂರುವುದು ಜಗಲಿಯ ಹೊರ ತುದಿಯಲ್ಲಿ, ನೀಲಾವತಿ ಬಾಗಿಲ ಹತ್ತಿರ. ನಡುವೆ ಕೂರಲು ಮೇದಪ್ಪ ನನ್ನನ್ನು ಕರೆದ.

“ದುಗ್ಗಕ್ಕ, ನಿಮಗೆ ಹೇಗೂ ಹುಣಿಸೆ ಬಿಡಿಸ್ಲಿಕ್ಕುಂಟಲ್ಲ. ಅದನ್ನು ಇಲ್ಲೇ ಕೂತು ಬಿಡಿಸಿ.”

ಪ್ರತಿ ಆದಿತ್ಯವಾರ ಮಧ್ಯಾಹ್ನ ನಾನು ಹುಣಿಸೆಯೋ ಹುರುಳಿಯೋ ಹಿಡಿದು ಕೂರುತ್ತಿದ್ದೆ. ಮೊದಲ ದಿನ ಮಾಸ್ತರು, “ಇವತ್ತಿಂದ ಬೀಜಗಣಿತ” ಅಂದರು. ನಮ್ಮಲ್ಲಿ ಬೀಜ ಅಂದರೆ ಗೇರುಬೀಜವೇ. ನಾನು ತಡೆಯಲಾರದೆ, “ಗೇರುಮರ ಈಗ ಹೂ ಬಿಟ್ಟದ್ದಷ್ಟೇ ಮಾಸ್ತ್ರೆ, ಈಗಲೇ ಎಂತದ್ದು ಎಣಿಸುದು?” ಅಂದುಬಿಟ್ಟೆ. ಮಾಸ್ತರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ನೀಲಾವತಿಯೂ ನಕ್ಕಳು. ಅವಳು ತವರಿಗೆ ಬಂದ ಮೇಲೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಸ್ತರು ಒಳ್ಳೆಯ ಪಾಠದವರು. ‘ಅ’ ಎನ್ನುವುದು ಅವ್ಯಕ್ತ. ಅದರ ಎದುರು ನಿಂತ ಅಂಕೆ ಸಹಗುಣಕ. ಎರಡೂ ಸೇರಿ ಒಂದು ಪದ. ಒಂದೇ ಅಕ್ಷರದ ಪದಗಳಾದರೆ ಸಜಾತಿ ಪದಗಳು, ಬೇರೆ ಬೇರೆ ಅಕ್ಷರದವಾದರೆ ವಿಜಾತಿ ಪದಗಳು. ಸಜಾತಿಯವನ್ನು ಕೂಡಿಸಿ ಒಂದು ಮಾಡಬಹುದು. ವಿಜಾತಿಯವನ್ನು ಒಂದು ಮಾಡಲು ಬರುವುದಿಲ್ಲ, ನಡುವೆ ಕೂಡುವ ಗುರ್ತ ಹಾಕಿ ಪಕ್ಕಪಕ್ಕ ಬರೆದಿಡಬೇಕು. ನೀಲಾವತಿ ಇದನ್ನು ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡುತ್ತಿದ್ದಳು. ಮಾಸ್ತರು ಬಾಯಿಪಾಠ ಸಾಲದು, ಯಾಕೆ ಅಂತ ಹೇಳು ಅನ್ನುತ್ತಿದ್ದರು.

ಪರೀಕ್ಷೆಗೆ ಇನ್ನು ಎರಡು ತಿಂಗಳು ಇದೆ ಅನ್ನುವಾಗ ಒಂದು ಆದಿತ್ಯವಾರ ಕೂಸಪ್ಪ ಮಾವ ಬಂದರು. ಮೇದಪ್ಪನ ಸೋದರಮಾವ. ಎಲ್ಲೋ ಹೋಗುವ ದಾರಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳಲು ಹಿತ್ತಿಲ ಕಡೆಯಿಂದ ಹತ್ತಿದ್ದರು. ನಾನು ಅಷ್ಟೊತ್ತಿಗೆ ಬಿಡಿಸಿದ ಹುಣಿಸೆಯನ್ನು ಬಿಸಿಲಿಗೆ ಹಾಕಲು ಅಂಗಳಕ್ಕೆ ಇಳಿದಿದ್ದೆ. ಅವರು ಗೋಡೆಯ ಆಚೆ ನಿಂತದ್ದು ಜಗಲಿಯವರಿಗೆ ಕಾಣುತ್ತಿರಲಿಲ್ಲ. ನನಗೆ ಕಂಡಿತು. ಪಾಠದ ಮಾತು ನಡೆಯುತ್ತಲೇ ಇತ್ತು.

“ಸಜಾತಿ ಆದ್ರೆ?”

“ಕೂಡುದು, ಮಾಸ್ತ್ರೆ.”

“ವಿಜಾತಿ ಆದ್ರೆ?”

“ಕೂಡ್ಲಿಕ್ಕೆ ಆಗುದಿಲ್ಲ.”

“ಯಾಕೆ ಆಗುದಿಲ್ಲ?”

“ಜಾತಿ ಬೇರೆ ಅಲ್ವಾ.”

“ಹಾಗಾದ್ರೆ ಎಂತ ಮಾಡುದು?”

“ಹತ್ತಿರ ಹತ್ತಿರ ಇರುದು. ನಡುವೆ ಒಂದು ಗುರ್ತ ಹಾಕಿ.”

“ಹಾಂ, ಈಗ ಸರಿ ಆಯ್ತು” ಅಂದರು ಮಾಸ್ತರು, ತುಂಬ ಸಂತೋಷದಲ್ಲಿ.

ಕೂಸಪ್ಪ ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಅಲ್ಲೇ ನಿಂತಿತು. ನಮ್ಮಲ್ಲಿ ಗಂಡ ಸತ್ತವಳಿಗೆ ಎರಡನೆಯ ಸಂಬಂಧ ಮಾಡುವುದಕ್ಕೆ ಕೂಡಾವಳಿ ಅನ್ನುತ್ತಾರೆ. ಇವಳನ್ನು ಇಂಥವನಿಗೆ ಕೂಡಿಸಿದರು ಅಂದರೆ ಅದೇ ಅರ್ಥ. ಗಂಡ ಇಲ್ಲದ ಹುಡುಗಿ, ಬೇರೆ ಜಾತಿಯ ಗಂಡಸು, ಸಜಾತಿ, ವಿಜಾತಿ, ಕೂಡುದು. ಅವರು ಬೇರೆ ಏನನ್ನು ತಿಳಿಯಬೇಕಿತ್ತು? ಮೇದಪ್ಪನ ಮನೆಯ ಹೊಸ್ತಿಲು ತುಳಿಯದೆ ಹಿತ್ತಿಲಿನಿಂದಲೇ ಇಳಿದು ಹೋದರು. ನಾನು, “ಮಾವ, ಕೂತು ಹೋಗಿ, ಅದು ಪಾಠ” ಅಂತ ಕೂಗಿದೆ. ತಿರುಗಲಿಲ್ಲ.

ಮಂಗಳವಾರ ಮೇದಪ್ಪ ಸುಳ್ಯಕ್ಕೆ ಹೋಗಿದ್ದ. ಕ್ಷೌರದ ಅಂಗಡಿಯಲ್ಲಿ ಯಾರೋ, “ಎಂತ ಮಾರಾಯ, ಮಾಸ್ತ್ರನಿಗೆ ಜಗಲಿ ಕೊಟ್ಟಿದ್ದಿಯಂತೆ, ಇನ್ನು ಒಳಗೆ ಚಾಪೆ ಹಾಕುದು ಯಾವಾಗ?” ಅಂದರಂತೆ. ಇನ್ನೊಬ್ಬ, “ವಿಜಾತಿಯಾದ್ರೆ ನಡುವೆ ಒಂದು ಗುರ್ತ ಹಾಕಿದ್ರೆ ಆಯ್ತಂತೆ” ಅಂದನಂತೆ. ಅರ್ಧ ಗಡ್ಡದಲ್ಲಿ ಎದ್ದು ಬಂದ ಮೇದಪ್ಪ ಸೀದಾ ನಮ್ಮ ಮನೆಗೆ ಬಂದ.

“ದುಗ್ಗಕ್ಕ, ನೀವು ಅಲ್ಲೇ ಇದ್ರಲ್ಲ. ಅವ ಎಂತ ಹೇಳಿದ್ದು? ನಿಮ್ಮ ಮಕ್ಕಳ ಮೇಲೆ ಆಣೆ ಇಟ್ಟು ಹೇಳಿ.”

“ಅದು ಲೆಕ್ಕ ಮಾರಾಯ. ಅಲಸಂಡೆ, ಬೆಂಡೆ.”

“ಅಲಸಂಡೆಗೆ ಎಂತ ಜಾತಿ?”

ನಾನು ಹೇಳಿದೆ, ತಿಳಿದಷ್ಟು. ಅಣ್ಣನ ದನಿ ಕೇಳಿ ತಡಮೆ ದಾಟಿ ಬಂದ ನೀಲಾವತಿ ಪುಸ್ತಕವನ್ನೇ ಅವನ ಮುಂದೆ ಹಿಡಿದಳು. ಅಚ್ಚಿನಲ್ಲಿ ಇತ್ತು, ಸಜಾತಿ ಪದಗಳು, ವಿಜಾತಿ ಪದಗಳು. ಮೇದಪ್ಪ ಅಕ್ಷರಕ್ಕೆ ಬೆರಳಿಟ್ಟು ಓದಿದ. ಎರಡು ಸಲ ಓದಿದ. ಆಮೇಲೆ ಮೆಟ್ಟಿಲ ಮೇಲೆ ಕೂತ. ಅವನ ಅರ್ಧ ಮುಖದಲ್ಲಿ ಸಾಬೂನು ಒಣಗಿ ಬಿರಿದಿತ್ತು.

“ನಂಗೆ ಗೊತ್ತಾಯ್ತು ತಂಗೀ” ಅಂದ. “ಊರಿನವರಿಗೆ ಯಾರು ಹೇಳುದು? ಈ ಪುಸ್ತಕ ಹಿಡ್ಕೊಂಡು ಮನೆ ಮನೆಗೆ ಹೋಗ್ಲಿಕ್ಕೆ ಆಗ್ತದಾ ನಂಗೆ?”

ಅವನು ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಅವಳು ಸಿಟ್ಟಾದರೂ ಆಗುತ್ತಿದ್ದಳೇನೋ. ನಂಬಿದ, ನಂಬಿಯೂ ಏನೂ ಮಾಡಲಿಲ್ಲ. ಅದೇ ಅವಳನ್ನು ಒಳಗಿನಿಂದ ತಿಂದದ್ದು.

ಮಾಸ್ತರಿಗೆ ಮಾತು ಅದಕ್ಕೂ ಮೊದಲೇ ಮುಟ್ಟಿತ್ತು. ಮುಂದಿನ ಆದಿತ್ಯವಾರ ಅವರು ಬರಲಿಲ್ಲ. ನಾನು ಶಾಲೆಯ ದಾರಿಯಲ್ಲಿ ಕಂಡು ಕೇಳಿದೆ. “ನಾನು ಬಂದ್ರೆ ಆ ಹುಡುಗಿಗೆ ಇನ್ನೂ ಕಷ್ಟ, ಅಕ್ಕ” ಅಂದರು. ಸ್ವಲ್ಪ ಹೊತ್ತು ಛತ್ರಿಯ ತುದಿಯಿಂದ ಮಣ್ಣು ಕೆದಕಿದರು. “ಇಂಗ್ಲಿಷಿನಲ್ಲಿ ಅದಕ್ಕೆ ಜಾತಿ ಅಂತ ಇಲ್ಲ. ಹೋಲುವ ಪದ, ಹೋಲದ ಪದ ಅಂತ ಅಷ್ಟೇ. ಕನ್ನಡ ಮಾಡುವಾಗ ಯಾರೋ ಹೀಗೆ ಇಟ್ಟಿದ್ದಾರೆ. ಕ್ಲಾಸಿನಲ್ಲಿ ಅದನ್ನು ಹೇಳುವಾಗೆಲ್ಲ ಮಕ್ಕಳು ನನ್ನ ಮುಖ ನೋಡ್ತಾರೆ.” ಮಳೆಗಾಲಕ್ಕೆ ಮೊದಲೇ ಬೇರೆ ಊರಿಗೆ ವರ್ಗ ಕೇಳಿಕೊಂಡು ಹೋದರು.

ಆದರೂ ಮೇದಪ್ಪ ಕೊಟ್ಟ ಮಾತು ತಪ್ಪಲಿಲ್ಲ. ಪರೀಕ್ಷೆಗೆ ಪುತ್ತೂರಿಗೆ ಕರೆದುಕೊಂಡು ಹೋದ. ನನ್ನನ್ನೂ ಕರೆದ, ಜೊತೆಗೆ ಹೆಂಗಸು ಇರಲಿ ಅಂತ. ಹೋಗುವ ಬಸ್ಸಿನಲ್ಲಿ ನೀಲಾವತಿ ಕಿಟಕಿಗೆ ಹಣೆ ಒತ್ತಿ ತುಟಿ ಅಲ್ಲಾಡಿಸುತ್ತಿದ್ದಳು. ಮಾಸ್ತರು ಇಲ್ಲದ ಎರಡು ತಿಂಗಳಲ್ಲಿ ಅವಳೇ ಕೂತು ಸಮೀಕರಣದವರೆಗೆ ಕಲಿತಿದ್ದಳು. ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಹೋದರೆ ಧನ ಋಣ ಆಗುತ್ತದೆ, ಋಣ ಧನ ಆಗುತ್ತದೆ ಅಂತ ನನಗೆ ಬೆಳಿಗ್ಗೆ ಹಲ್ಲುಜ್ಜುವಾಗ ಬಾವಿಕಟ್ಟೆಯಲ್ಲಿ ಹೇಳಿ ತೋರಿಸಿದ್ದಳು. ಪಾಸಾಗುತ್ತಾಳೆ ಅಂತ ನನಗೆ ಧೈರ್ಯ ಇತ್ತು.

ಪರೀಕ್ಷೆ ಮುಗಿಸಿ ಹೊರಗೆ ಬಂದವಳು ನಮ್ಮ ಮುಖ ನೋಡದೆ ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ ಸ್ಟ್ಯಾಂಡಿನಲ್ಲಿ ಮೇದಪ್ಪ ಚಹಾ ತರಲು ಹೋದಾಗ ಅವಳೇ ಹೇಳಿದಳು.

“ಬೀಜಗಣಿತದಲ್ಲಿ ಮೊದಲನೇ ಪ್ರಶ್ನೆಯೇ ಅದು, ದುಗ್ಗಕ್ಕ. ಸಜಾತಿ ಪದ ಅಂದ್ರೆ ಎಂತ, ವಿಜಾತಿ ಪದ ಅಂದ್ರೆ ಎಂತ, ಬರೆಯಿರಿ. ಕೆಳಗಿನವನ್ನು ಕೂಡಿಸಿರಿ.”

“ಬರ್ತಿತ್ತಲ್ಲ ನಿಂಗೆ?”

“ಬರ್ತಿತ್ತು. ‘ಸ’ ಬರೆದೆ. ಅಷ್ಟಕ್ಕೆ ಆ ಸುತ್ತು ಹಾಕುವ ಮಾಸ್ತ್ರು ನನ್ನ ಹಿಂದೆ ಬಂದು ನಿಂತ್ರು. ಅವರು ಸುಳ್ಯದವರೋ ಎಂತೋ. ನನ್ನ ಸುದ್ದಿ ಗೊತ್ತುಂಟೋ ಎಂತೋ. ಆಮೇಲೆ ಪೆನ್ನು ಮುಂದೆ ಹೋಗಲೇ ಇಲ್ಲ. ಆ ಶಬ್ದ ನಾನು ಬರೆದ್ರೆ ಕೂಸಪ್ಪ ಮಾವ ಹೇಳಿದ್ದನ್ನು ನಾನೇ ಬರೆದು ಸಹಿ ಹಾಕಿ ಕೊಟ್ಟ ಹಾಗೆ ಅಂತ ಕಂಡಿತು. ಬಿಟ್ಟು ಮುಂದಿನದ್ದು ನೋಡಿದೆ. ಮುಂದಿನದ್ದಕ್ಕೂ ಅದೇ ಬೇಕು. ಅದರ ಮುಂದಿನದ್ದಕ್ಕೂ ಅದೇ. ಕೂಡದೆ ಯಾವ ಸಮೀಕರಣ ಬಿಡಿಸ್ಲಿಕ್ಕೆ ಆಗ್ತದೆ?”

ಮೇದಪ್ಪ ಗ್ಲಾಸು ಹಿಡಿದು ಬಂದ. ಅವಳು ಚಹಾ ಕುಡಿಯಲಿಲ್ಲ. ನಾನೇ ಕುಡಿದೆ.

ಬೇಸಿಗೆ ಮುಗಿಯುವಾಗ ಫಲಿತಾಂಶ ಬಂತು. ಮತ್ತೆ ಗಣಿತವೇ ಹೋಗಿತ್ತು. ಒಂದೇ ಸರ್ತಿ ಅಂತ ಮಾತಾಗಿತ್ತಲ್ಲ, ಅವಳು ಇನ್ನೊಮ್ಮೆ ಕೇಳಲೂ ಇಲ್ಲ. ಮೇದಪ್ಪ ಪಂಜದ ಜತ್ತಪ್ಪನ ಸಂಬಂಧ ತಂದ. ಹೆಂಡತಿ ತೀರಿಹೋದ ಮನುಷ್ಯ, ನೀಲಾವತಿಗಿಂತ ತುಂಬ ದೊಡ್ಡವನು, ಮಕ್ಕಳು ಬೆಳೆದಿದ್ದರು. ಚಪ್ಪರ, ವಾಲಗ ಏನೂ ಇಲ್ಲ, ಮನೆಯವರು ನಾಲ್ಕು ಜನ. ಕೂಸಪ್ಪ ಮಾವನೇ ಮುಂದೆ ನಿಂತು ಎಲ್ಲ ನಡೆಸಿದರು. ಊಟ ಮಾಡಿ ಕೈ ತೊಳೆಯುವಾಗ, “ಈಗ ಎಲ್ಲ ಸರಿ ಆಯ್ತು ನೋಡು ಮೇದಪ್ಪ” ಅಂದರು. ಮೇದಪ್ಪ ಅವರ ಕೈಗೆ ನೀರು ಹೊಯ್ಯುತ್ತಿದ್ದವನು ಚೆಂಬನ್ನು ನೆಲಕ್ಕಿಟ್ಟು ಒಳಗೆ ಹೋದ.

ಪಂಜಕ್ಕೆ ನಾನು ಹೋದದ್ದು ಅದಾಗಿ ಎಷ್ಟೋ ವರ್ಷಕ್ಕೆ, ನನ್ನ ತಂಗಿಯ ಮಗಳ ಬಾಣಂತನಕ್ಕೆ. ನೀಲಾವತಿಗೆ ಮಕ್ಕಳಾಗಿರಲಿಲ್ಲ. ಕೂದಲು ಮುಂದೆ ಬೆಳ್ಳಗಾಗಿತ್ತು. ಜತ್ತಪ್ಪ ಕುಡಿಯುವವನಲ್ಲ, ಕೈ ಮಾಡುವವನಲ್ಲ. ಹೇಳಲು ಒಂದು ದೂರೂ ಇಲ್ಲದ ಮನೆ. ಅಲಸಂಡೆಯ ಮಾತು ಅವಳು ಹೇಳಿದ್ದು ಆಗಲೇ.

ಕೇಳಿ ನನಗೆ ತಡೆಯಲಿಲ್ಲ. “ಒಂದೂ ಮರೆತಿಲ್ಲ ಅಂತಿಯಲ್ಲ, ಇಲ್ಲಿಯ ಹುಡುಗಿಯರಿಗಾದರೂ ಹೇಳಿಕೊಡು” ಅಂದೆ.

“ಹೇಳಿಕೊಟ್ಟೆ ದುಗ್ಗಕ್ಕ. ಪಕ್ಕದ ಮನೆಯ ಸೇವಂತಿ ಬರ್ತಿತ್ತು, ಎಂಟನೇ ಕ್ಲಾಸಿನದ್ದು. ಅಂಕೆ, ಅಕ್ಷರ ಎಲ್ಲ ಆಯ್ತು. ಆಮೇಲೆ ಆ ಪಾಠ ಬಂತು. ಇವರು ಅಂಗಳದಲ್ಲಿ ಹಗ್ಗ ಹೊಸೀತಾ ಇದ್ದವರು ಕೈ ನಿಲ್ಲಿಸಿದ್ರು. ‘ಅದೇ ಲೆಕ್ಕವಾ?’ ಅಂತ ಕೇಳಿದ್ರು. ಅಷ್ಟೇ. ಸಿಟ್ಟಿಲ್ಲ, ಎಂತ ಇಲ್ಲ. ‘ಅದೇ ಲೆಕ್ಕವಾ?’”

“ಅವನಿಗೆ ಹೇಗೆ ಗೊತ್ತು?”

“ಎಲ್ಲರಿಗೂ ಗೊತ್ತುಂಟು. ಕೂಡಾವಳಿಗೆ ಮೊದಲೇ ಇಲ್ಲಿಯವರೆಗೆ ಬಂದಿತ್ತಂತೆ. ಗೊತ್ತಿದ್ದೂ ಕರ್ಕೊಂಡು ಬಂದದ್ದು ಅವರು. ದೊಡ್ಡ ಮನಸ್ಸು ಅಂತ ಎಲ್ಲ ಹೇಳ್ತಾರೆ.” ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಬೆವರಿಗೆ. “ಸೇವಂತಿಗೆ ನಾಳೆಯಿಂದ ಬರ್ಬೇಡ ಅಂದೆ. ಪಾಪ, ಅದು ನಾನು ಎಂತ ತಪ್ಪು ಮಾಡಿದೆ ಅಕ್ಕ ಅಂತ ಕೇಳಿತು.”

ಪುಸ್ತಕದವರು ಆ ಹೆಸರು ಇಡದಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸಿದ್ದುಂಟು. ಇನ್ನೊಂದು ಮಾತು ಇನ್ನೊಂದು ಕಿವಿಗೆ ಬೀಳುತ್ತಿತ್ತು, ಇಷ್ಟೇ ಆಗುತ್ತಿತ್ತೋ ಏನೋ. ಅವಳಿಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ಅಷ್ಟರಲ್ಲಿ ಜತ್ತಪ್ಪ ಅಂಗಳದಿಂದ ಕರೆದ. “ನೀಲಾವತೀ, ಕೆಲಸದವರು ಬಂದ್ರು, ಅಡಿಗೆ ಆಯ್ತಾ?”

“ಹೋ, ಆಯ್ತು” ಅಂದಳು. ಎದ್ದು ಒಲೆಯ ಹತ್ತಿರ ಹೋದಳು. ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿದಳು. ಕುಚ್ಚಲಕ್ಕಿ ಬೆಂದಿತ್ತು. ಕೊಳ್ಳಿ ಹಿಂದಕ್ಕೆ ಎಳೆದು, ಮಡಕೆಯ ಬಾಯಿಗೆ ಮರದ ಮುಚ್ಚಳ ಒತ್ತಿ ಹಿಡಿದು, ಬಟ್ಟೆಯ ಚಿಂದಿಯಲ್ಲಿ ಕಂಠ ಹಿಡಿದು ಮಡಕೆಯನ್ನು ಬಗ್ಗಿಸಿದಳು. ಅನ್ನದ ತೆಳಿನೀರು ಬಿಳಿಯಾಗಿ ಹಬೆಯಾಡುತ್ತ ಕೆಳಗಿನ ಪಾತ್ರೆಗೆ ಇಳಿಯತೊಡಗಿತು. ಅವಳು ಮುಖ ಒಂದು ಬದಿಗೆ ತಿರುಗಿಸಿ, ಅದು ಪೂರ್ತಿ ಬಸಿಯುವವರೆಗೆ ಹಾಗೇ ಹಿಡಿದು ನಿಂತಳು.